ಹೈಟ್ಸ್ ಆದ ಮೇಲೆ ಉಸಿರು

ವಿಲೆಟನ್, ಪರ್ತ್
14 ಸೆಪ್ಟೆಂಬರ್ 2014

ಪ್ರೀತಿಯ ಸುಲೂ,

ನಿನ್ನ ಮೆಸೇಜುಗಳಿಗೆ ಉತ್ತರ ಕೊಡದೆ ಕೂತಿದ್ದೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಈ ಸಲ ಇಳಿಯಬಾರದು ಅಂತಲೇ ಕಾಗದ ಬರೆಯುತ್ತಿದ್ದೇನೆ. ರನ್‌ಕಾರ್ನಿನಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಗುರುದತ್‌ಗೆ ಮತ್ತೆ ಗಣಿಯ ಕಡೆ ಡ್ಯೂಟಿ. ಮನೆಯಲ್ಲಿ ನಾನು, ಪ್ರಣತಿ ಇಬ್ಬರೇ.

ಹಾಲೆಂಡಿನಿಂದ ಇಲ್ಲಿಗೆ ಬಂದ ಮೇಲೆ ಮಗು ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಗ್ಗತೊಡಗಿದ್ದು ನಿನಗೆ ಗೊತ್ತು. ಡಚ್ಚಿನ ಮಾರುದ್ದದ ಪದಗಳು ಮಾತ್ರ ಅವಳಿಗೆ ಸಲೀಸು. ಆನ್‌ಸ್ಪ್ರಾಕಲಕ್‌ಹೈಟ್ಸ್‌ವರ್‌ಜೇಕರಿಂಗ್! ಯಾವುದೋ ಇನ್ಶೂರೆನ್ಸಿನ ಹೆಸರು, ಅವಳಿಗೆ ಅದೊಂದು ಆಟ. ಮೊದಲು ಎರಡು ಪದ ಕೂಡಿದ ಕಡೆ ಮುರಿಯಬೇಕು, ಹೈಟ್ಸ್ ಆದ ಮೇಲೆ ಉಸಿರು ತೆಗೆದುಕೊಳ್ಳಬೇಕು, ಆಮೇಲೆ ಮೇಜು ತಟ್ಟುತ್ತಾ ತುಂಡು ತುಂಡಾಗಿ ಹೇಳಬೇಕು: ಆನ್-ಸ್ಪ್ರಾ-ಕ-ಲಕ್-ಹೈಟ್ಸ್, ವರ್-ಜೇ-ಕ-ರಿಂಗ್. ಅದೇ ತಟ್ಟನ್ನು ಕನ್ನಡಕ್ಕೂ ತರೋಣ ಅಂದವಳು ನೀನು. ಸ್ಪೀಚ್ ಥೆರಪಿಸ್ಟ್ ಗೆಳತಿ ಇರುವುದು ನನ್ನ ಪುಣ್ಯ ಅಂದುಕೊಂಡೆ. ಭಾನುವಾರ ಸ್ಕೈಪಿನಲ್ಲಿ ನೀವಿಬ್ಬರೂ ತಟ್ಟುತ್ತಿದ್ದರೆ ನಾನು ಅಡುಗೆಮನೆಯಲ್ಲಿ ನಿಂತು ಖುಷಿಗೆ ಅಳುತ್ತಿದ್ದೆ. ರೆಕಾರ್ಡ್ ಮಾಡಿಕೊಳ್ಳಲೇ ಎಂದು ನೀನು ಕೇಳಿದಾಗ, "ನಿನ್ ಹತ್ರಾನೇ ಇರ್ಲಿ ಕಣೇ, ಯಾರಿಗೂ ತೋರಿಸ್ಬೇಡ" ಅಂದೆ. ನಿನ್ನ ಮಗ ಕಾರ್ತಿಕನ ಮೇಲೆ ಆಣೆ ಇಟ್ಟೆಯಲ್ಲೇ ನೀನು.

ಹೋದ ವಾರ ಅಡಿಲೇಡಿನಿಂದ ನಮ್ಮ ಪರಿಚಯದ ಡಾಕ್ಟರ್ ಜಯಲಕ್ಷ್ಮಿ ಫೋನ್ ಮಾಡಿದ್ದರು. ಅಲ್ಲಿನ ಸ್ಪೀಚ್ ಥೆರಪಿ ಸಮ್ಮೇಳನದಲ್ಲಿ ನಿನ್ನ ಭಾಷಣ ಬಹಳ ಚೆನ್ನಾಗಿತ್ತಂತೆ. ದೊಡ್ಡ ಪರದೆಯ ಮೇಲೆ ನಮ್ಮ ಪ್ರಣತಿ ಮೊದಲು ತನ್ನ ಹೆಸರನ್ನೇ ಹೇಳಲಾಗದೆ ಒದ್ದಾಡಿದಳಂತೆ, ಕಣ್ಣು ಮುಚ್ಚಿ, ಮುಖ ಕೆಂಪಾಗಿ. ಆಮೇಲೆ ಆ ಡಚ್ ಪದ ಸರಾಗವಾಗಿ ಬಂತಂತೆ. ಸಭೆಯೆಲ್ಲ ನಕ್ಕು ಚಪ್ಪಾಳೆ ಹೊಡೆಯಿತಂತೆ. ಪಾಪ, ಅವರು ಹೊಗಳುತ್ತಲೇ ಹೇಳಿದರು.

ಒಂದು ಮಾತು ಕೇಳಲಿಕ್ಕೆ ನಿನಗೇನಾಗಿತ್ತು? ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು. ಅದಕ್ಕೇ ನಂಬಿದೆ. ನಂಬಿಸಿ ಕತ್ತು ಕೊಯ್ದೆ ನೀನು. ಬೇರೆ ಮಕ್ಕಳಿಗೆ ಉಪಯೋಗವಾಗಲಿ ಅಂತ ಮಾಡಿದೆ ಎಂದು ದಯವಿಟ್ಟು ಬರೆಯಬೇಡ.

ಕಾರ್ತಿಕನಿಗೆ ನನ್ನ ಆಶೀರ್ವಾದ ತಿಳಿಸು, ಚೆನ್ನಾಗಿ ಓದಲಿ. ದೇವರು ನಿನ್ನನ್ನೂ ಚೆನ್ನಾಗಿಟ್ಟಿರಲಿ. ಇದನ್ನು ಸಿಟ್ಟಿನಲ್ಲಿ ಹೇಳುತ್ತಿಲ್ಲ.

ಇಂತಿ,
ಉಷಾ

ತಾ.ಕ.: ಜಯಲಕ್ಷ್ಮಿಯವರು ಮಾತಾಡುವಾಗ ಫೋನ್ ಸ್ಪೀಕರಿನಲ್ಲಿತ್ತು. ಪ್ರಣತಿ ಎದುರಿಗೇ ಕೂತಿದ್ದಳು. ಅಂದಿನಿಂದ ಮೇಜು ತಟ್ಟಿಲ್ಲ; ಶಾಲೆಯಲ್ಲಿ ಏನು ಬೇಕಾದರೂ ಬರೆದು ತೋರಿಸುತ್ತಾಳಂತೆ. ನಿನ್ನೆ ಕೇಳಿದಳು: "ಅಮ್ಮಾ, ಸು... ಸುಲೂ ಆಂಟಿ ಸಂಡೇ ಸಂಡೇ ನನ್ ಹತ್ರ ಮಾತಾಡ್ತಿದ್ದಿದ್ದು ಅದಕ್ಕೇನಾ?" ಅಲ್ಲ ಕಂದಾ ಅಂದೆ. ಅದು ನಿಜವೋ ಸುಳ್ಳೋ, ನೀನೇ ಹೇಳಬೇಕು.