ಸೋದರಮಾವನ ಗಾಡಿ

ಟೆನೆಸ್ಸಿ ಬೆಟ್ಟ, ಭಾನುವಾರ

ಅಪ್ಪಾ, ಚೆನ್ನಾಗಿದ್ದೇನೆ, ಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಮಿಸೌರಿಯ ನಮ್ಮ ಕಣಿವೆಗೆ ಮೊದಲು ಬಂದವರು ಗಾರ್ವಿನ್ ಮನೆತನದ ನಾವೇ, ಬೇಲಿಯಾಚೆಯ ಟ್ಯಾಕೆಟ್‌ಗಳಲ್ಲ ಎಂಬುದಕ್ಕೆ ಪುರಾವೆ ತಾ ಎಂದು ಅಟ್ಟಿದೆಯಲ್ಲ, ಊರೂರು ಅಲೆದು ಸಾಕಾಯಿತು.

ಇವತ್ತು ಇಲ್ಲಿನ ಹಳೆಯ ಸ್ಮಶಾನದಲ್ಲಿ ವರ್ಷಕ್ಕೊಮ್ಮೆಯ ಗೋರಿ ಸಿಂಗಾರ. ಒಂದೆಸಳು ಹುಲ್ಲೂ ಉಳಿಯದಂತೆ ನೆಲ ಕೆರೆದು, ದಿಬ್ಬಗಳ ಮೇಲೆ ಹೊಳೆಯ ಚಿಪ್ಪು ಜೋಡಿಸಿ, ಪಕ್ಕದಲ್ಲೇ ಕೂತು ಕರಿದ ಕೋಳಿ ತಿನ್ನುತ್ತಿದ್ದರು. ಅಲ್ಲಿ ನಮ್ಮ ಮುತ್ತಜ್ಜನ ಅಪ್ಪ ಅಮ್ಮನ ಗೋರಿಕಲ್ಲು ಸಿಕ್ಕಿತು. ಆ ಅಮ್ಮನ ಹೆಸರಿನ ಕೆಳಗೆ ‘ಟ್ಯಾಕೆಟ್ ಮನೆ ಮಗಳು’ ಎಂದು ಕೆತ್ತಿದೆ!

ಕೆತ್ತಿದವನು ತಪ್ಪು ಮಾಡಿರಬೇಕು ಎಂದೆ. ಗುದ್ದಲಿ ಹಿಡಿದಿದ್ದ ಈ ಊರಿನ ಡ್ರೂಸಿಲ್ಲಾ ಅಜ್ಜಿ ನಕ್ಕಳು: “ತಪ್ಪೇನು ಬಂತು, ಮಗಳೇ? ಆಗೆಲ್ಲ ಒಂಟಿ ಮನೆಯೋರು ಕಾಡು ದಾಟೋಕಾಗ್ತಿತ್ತಾ? ಇವರ ಹುಡುಗ್ರು ಸೋದರಮಾವ ಟ್ಯಾಕೆಟ್‌ನ ಗಾಡೀಲೇ ಮಿಸೌರಿಗೆ ಹೋದ್ರು. ದಾರಿಯುದ್ದಕ್ಕೂ ಜಗಳಾಡ್ಕೊಂಡೇ ಹೋಗಿರ್ತಾರೆ, ಬಿಡು.”

ನನ್ನ ಬೂಟಿನ ಅಡಿ ಕಿತ್ತಿದೆ, ಕೆಮ್ಮು ಬಿಟ್ಟಿಲ್ಲ. ಗುರುವಾರ ಬಸ್ಸಿಳಿಯುತ್ತೇನೆ; ಅಲ್ಲಿಂದ ಮನೆಗೆ ನಡೆಯಲಾರೆ. ಬೇಲಿಯಾಚೆಯ ಟ್ಯಾಕೆಟ್‌ನ ಟ್ರಕ್ ಕೇಳು. ಅವನಿಗೇನೂ ಗೊತ್ತಿಲ್ಲವೆಂದು ಸುಮ್ಮನೆ ಕೂರಬೇಡ. ಇದು ಕಾರ್ಡು, ಅಂಟಿಸಿದ ಲಕೋಟೆಯಲ್ಲ. ಕಾರ್ಡು ಓದದೆ ಬಿಡದ ನಮ್ಮ ಅಂಚೆಯವನು ಮನೆಗೆ ಬರುವುದು ಅವರ ಮನೆ ದಾಟಿಯೇ.

ಜಾಗ ಮುಗಿಯಿತು.
ಲುವೆಲ್ಲಾ