ಹದಿನಾರು ವರ್ಷ ಯಾರೂ ಕೇಳದ ವಂಕಿ

ರೋಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮಹಾಜನರೇ, ನರಗುಂದದ ಪೇಟೆಯವರೇ, ಗಜೇಂದ್ರಗಡದ ಮಗ್ಗದ ಮನೆಗಳ ತಾಯಂದಿರೇ, ತುಸು ಹತ್ತಿರ ಬನ್ನಿ. ಪತ್ರ ಬರೆಯುತ್ತಿರುವುದು ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ. ನೀವು ಸಾಕ್ಷಿಗೆ ಬೇಕು.

ಮಾನ್ಯ ಅಧಿಕಾರಿಗಳೇ, ನೀವು ನನ್ನ ಅಕ್ಕ ಸಿದ್ದವ್ವನಿಗೆ ವಂಕಿ ಹಾಕಿ ಮರೆತುಬಿಟ್ಟಿರಿ. ಮಕ್ಕಳಾಗದಂತೆ ತಡೆಯುವ ಆ ತಾಮ್ರದ ತಂತಿಗೆ, ನಿಮ್ಮ ಕಾಪರ್-ಟಿಗೆ, ಹತ್ತು ವರ್ಷ ಆಯುಷ್ಯವಂತೆ. ಶಿಬಿರದಲ್ಲಿ ಹಾಕಿದ ದಿನ ನಿಮ್ಮ ಗುರಿ ಮುಟ್ಟಿತು, ಚಪ್ಪಾಳೆ ಬಿತ್ತು. ತೆಗೆಯುವ ದಿನವನ್ನು ಯಾವ ಪುಸ್ತಕದಲ್ಲಿ ಬರೆದಿಟ್ಟಿರಿ? ಅತ್ತೆಗೂ ಗಂಡನಿಗೂ ತಿಳಿಯದಂತೆ ಹಾಕಿಸಿಕೊಂಡವಳು ತಾನೇ ಬಂದು ನಿಮಗೆ ನೆನಪಿಸಬೇಕಿತ್ತೇ?

ಹೋದ ವರ್ಷ ಅಕ್ಕನಿಗೆ ಹೊಟ್ಟೆನೋವು ಹತ್ತಿತು, ಮೈ ಇಳಿಯಿತು. ಶಹರದ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿದರೆ ದೊಡ್ಡ ಗಡ್ಡೆ. ವೈದ್ಯರು ಹೊರಗೆ ಬಂದು ಗಂಡಸರನ್ನು ಕರೆದರು; ಅಕ್ಕನಿಗೆ ಕ್ಯಾನ್ಸರ್ ಇರಬಹುದೆಂದು ಭಾವ ಹೂವಪ್ಪನಿಗೂ ನನಗೂ ಹೇಳಿದರು. ಮೊದಲು ಏನಾದರೂ ಆಗಿತ್ತೇ ಎಂದು ಕೇಳಿದರೆ ಭಾವ ಏನೂ ಇಲ್ಲವೆಂದ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಇಂಥ ಸುದ್ದಿಯನ್ನು ಹೆಂಗಸರಿಂದ ಮುಚ್ಚಿಡುವುದು ನಮ್ಮಲ್ಲಿ ರೂಢಿ. ಅದಕ್ಕೆ ನಾವು ಕರುಣೆ ಎನ್ನುತ್ತೇವೆ. ಮೂವತ್ತು ವರ್ಷ ಬಣ್ಣ ಹಚ್ಚಿ ರಂಗದ ಮೇಲೆ ಗರ್ಜಿಸಿದ ನಾನು ನಗುತ್ತ ಒಳಗೆ ಹೋಗಿ, ಸಣ್ಣ ಗಂಟು, ತೆಗೆಯುತ್ತಾರೆ ಎಂದೆ. ಅಷ್ಟು ಚೆನ್ನಾಗಿ ನಾನೆಂದೂ ಪಾರ್ಟು ಮಾಡಿರಲಿಲ್ಲ. ಅವಳು ನಂಬಿದಳು. ನಂಬಿದ್ದರಿಂದ ವಂಕಿಯ ಗುಟ್ಟನ್ನು ಹೇಳಲಿಲ್ಲ.

ಗರ್ಭಕೋಶ ಹೋಯಿತು, ಜೊತೆಗೆ ಗೇಣುದ್ದ ಕರುಳು. ಗಡ್ಡೆಯೊಳಗೆ ತಂತಿ ಸಿಕ್ಕಿತು. ಆಗ ಮೊದಲ ಸಲ ವೈದ್ಯರು ಅಕ್ಕನನ್ನೇ ಕೇಳಿದರು, ಇದು ಯಾವಾಗಿನದೆಂದು.

“ನಮ್ಮ ಸಣ್ಣಾಂವ ಹಾಲು ಬಿಟ್ಟ ವರ್ಷದ್ದರಿ,” ಅಂದಳು. ಲೆಕ್ಕ ಹಾಕಿದರೆ ಹದಿನಾರು ವರ್ಷ.

ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹಳೆಯ ವಂಕಿಗೆ ಎಲ್ಲೋ ಅಪರೂಪಕ್ಕೆ ಹತ್ತುವ ಸೋಂಕಂತೆ. ಸ್ಕ್ಯಾನಿನಲ್ಲಿ ಕ್ಯಾನ್ಸರಿಗೂ ಈ ಸೋಂಕಿಗೂ ಒಂದೇ ವೇಷ; ಒಳಗೆ ತಂತಿ ಇರಬಹುದೆಂದು ಯಾರೂ ಹುಡುಕಿರಲಿಲ್ಲ. ಮೊದಲೇ ತಿಳಿದಿದ್ದರೆ ಕೆಲವು ತಿಂಗಳು ಪೆನ್ಸಿಲಿನ್ ಕೊಟ್ಟೇ ಗುಣಪಡಿಸಬಹುದಿತ್ತೇನೋ ಎಂದು ವೈದ್ಯರು ತಲೆ ತಗ್ಗಿಸಿದರು. ಅವರನ್ನು ನಾನು ಹೇಗೆ ದೂರಲಿ? ಕ್ಯಾನ್ಸರ್ ಅಲ್ಲವೆಂದು ನಾವು ಕುಣಿಯಬೇಕಿತ್ತು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು.

“ನನ್ನ ಹೊಟ್ಟಿ ಸುದ್ದಿ ನಿಮಗೆಲ್ಲಾರಿಗೂ ಗೊತ್ತಿತ್ತು, ನನಗಷ್ಟ ಗೊತ್ತಿರಲಿಲ್ಲ. ಖರೇ ಹೇಳಿದ್ರ ನಾನೂ ಖರೇ ಹೇಳ್ತಿದ್ನಲ್ಲೋ ತಮ್ಮಾ.”

ಅಧಿಕಾರಿಗಳೇ, ಆ ದಿನ ಶಿಬಿರದ ಸಾಲಿನಲ್ಲಿ ಅಕ್ಕನೊಂದಿಗೆ ಕೂತವರು ಇನ್ನೂ ಇದ್ದಾರೆ. ಅವರ ಪಟ್ಟಿ ತೆಗೆಯಿರಿ. ವಂಕಿಯ ಅವಧಿ ಮುಗಿದವರನ್ನು ಗುಟ್ಟು ಬಿಟ್ಟುಕೊಡದೆ ಕರೆಯಿರಿ. ಗಡ್ಡೆ ಕಂಡಾಗ ಮೊದಲು ಆ ಹೆಣ್ಣುಮಗಳನ್ನೇ, ಒಬ್ಬಳನ್ನೇ ಕೂರಿಸಿ ಕೇಳಬೇಕೆಂದು ಆದೇಶ ಹೊರಡಿಸಿರಿ. ಇದಕ್ಕೂ ಒಂದು ಸಮಿತಿ ಬೇಕೇ?

ನಿಮ್ಮ ಆದೇಶ ಬರುವವರೆಗೆ ಕಾಯಲಾರೆ. ನಾಳೆ ಬೆಳಿಗ್ಗೆ ಮಹಮ್ಮದಸಾಬನ ಆಟೋಕ್ಕೆ ಮೈಕು ಕಟ್ಟಿ ಜಕ್ಕಲಿ ಊರಿಗೆ ಹೊರಡುತ್ತೇನೆ. ಯಾರ ಹೆಸರನ್ನೂ ಎತ್ತುವುದಿಲ್ಲ. ಹತ್ತು ವರ್ಷ ದಾಟಿದ ವಂಕಿಯನ್ನು ತೆಗೆಸಿಕೊಳ್ಳಿ ಎಂದಷ್ಟೇ ಸಾರುತ್ತೇನೆ. ಹಿಂದಿನ ಸೀಟಿನಲ್ಲಿ ಅಕ್ಕ ಇರುತ್ತಾಳೆ. ಯಾವಳಾದರೂ ಅಕ್ಕನ ಹತ್ತಿರ ಮಾತಾಡಲು ಬಂದರೆ ಮೈಕು ಆರಿಸಿ, ಮಹಮ್ಮದಸಾಬನನ್ನೂ ಕರೆದುಕೊಂಡು ಇಳಿದು ದೂರ ಹೋಗುತ್ತೇನೆ.

ಇಂತಿ,
ಅಕ್ಕನ ಕ್ಷಮೆ ಇನ್ನೂ ಸಿಗದ
ಗುರುಪಾದ, ರೋಣ