ಬದುಕಿದ್ದ ಮೇಷ್ಟ್ರು ಮತ್ತು ನಿಮ್ಮ ಗಾಜಿನ ಪರದೆ

ನಮ್ಮ ಕಂಪ್ಯೂಟರುಗಳ ಪರದೆ ಹೇಗೆ ಕಾಣಬೇಕೆಂದು ತೀರ್ಮಾನಿಸುವ ಮುಖ್ಯ ವಿನ್ಯಾಸಕ ಮಾನ್ಯರೇ,

ಕಳೆದ ತಿಂಗಳು ತಾವು ಕೃಪೆಯಿಟ್ಟು ಕಳುಹಿಸಿದ ಹೊಸ ರೂಪದಿಂದಾಗಿ ಜೀವಂತ ಮನುಷ್ಯರೊಬ್ಬರು ಪತ್ರಿಕೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ವರ್ಷ ಪುಟ ಕಟ್ಟಿದ ನನ್ನ ಹೆಂಡತಿ ತನ್ನ ಕುರ್ಚಿ ಕಳೆದುಕೊಂಡಳು. ನಿಮ್ಮ ಸಹಾಯವಾಣಿಗೆ ಮೂರು ಸಲ ಹೇಳಿಕೊಂಡೆ. ಮೂರು ಸಲವೂ ಬಂದ ಉತ್ತರ ಒಂದೇ: ‘ಹೊಸ ಅನುಭವವನ್ನು ಆನಂದಿಸಿ.’ ಆನಂದ ತಡೆಯಲಾರದೆ ಈಗ ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ಅವಳ ಕೆಲಸ ಪತ್ರಿಕೆಯ ಜಾಹೀರಾತು ವಿಭಾಗದಲ್ಲಿ. ದಿನಾ ಎರಡು ವಿಂಡೋ ತೆರೆದಿಟ್ಟುಕೊಳ್ಳುತ್ತಿದ್ದಳು: ಒಂದರಲ್ಲಿ ಅಭಿನಂದನೆಗಳ ಪುಟ, ಇನ್ನೊಂದರಲ್ಲಿ ನಿಧನ ವಾರ್ತೆಗಳ ಪುಟ. ಮೊದಲೆಲ್ಲ ಕೆಲಸ ನಡೆಯುತ್ತಿದ್ದ ವಿಂಡೋದ ತಲೆಪಟ್ಟಿ ಗಾಢ ನೀಲಿ, ಹಿಂದಿನದು ಬೂದು. ಓರೆಗಣ್ಣಿಗೂ ತಿಳಿಯುತ್ತಿತ್ತು. ತಾವು ಎರಡನ್ನೂ ಮಂಜು ಹಿಡಿದ ಗಾಜು ಮಾಡಿದಿರಿ. ಅಂಚಿನ ಗೆರೆಯನ್ನೂ ಒರೆಸಿದಿರಿ. ಹಿಂದಿನ ಪುಟ ಮುಂದಿನದರೊಳಗಿಂದ ಇಣುಕತೊಡಗಿತು. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನನ್ನು ಕೇಳಿದರೆ, ‘ಹಳೇದಕ್ಕೆ ವಾಪಸ್ ಹೋಗೋಕಾಗಲ್ಲಮ್ಮ, ಮೇಲಿಂದಾನೇ ಹಿಂಗೆ ಬಂದಿದೆ’ ಎಂದನಂತೆ. ಮೇಲಿನವರೆಂದರೆ ತಾವೇ.

ನಾನು ಅಂಗಡಿಗಳಿಗೆ ಬೋರ್ಡು ಬರೆಯುವವನು. ಅಂದಚೆಂದ ನನಗೂ ಅಷ್ಟಿಷ್ಟು ಗೊತ್ತು. ಬಿಳಿ ಹಲಗೆಯ ಮೇಲೆ ತಿಳಿಬೂದು ಅಕ್ಷರ ಬರೆದು ‘ಹೊಸ ಅನುಭವ’ ಎಂದರೆ ಗಿರಾಕಿ ನನ್ನ ಕಾಲಕೆಳಗಿನ ಏಣಿಯನ್ನೇ ಎಳೆಯುತ್ತಾನೆ. ನಿಮ್ಮನ್ನು ಹಾಗೆ ಕೇಳುವವರು ಯಾರು? ಪರದೆಯ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವ ಒಬ್ಬರನ್ನಾದರೂ ತಾವು ಕೇಳಿದ್ದುಂಟೇ?

ಒಂದು ಸಂಜೆ ಪುಟಗಳನ್ನು ಅಚ್ಚಿಗೆ ಕಳುಹಿಸಲು ಐದೇ ನಿಮಿಷ ಬಾಕಿ. ನಿವೃತ್ತರಾಗುತ್ತಿದ್ದ ಗಣಿತದ ಮೇಷ್ಟ್ರೊಬ್ಬರಿಗೆ ಶಿಷ್ಯರು ಕೊಟ್ಟ ಅಭಿನಂದನೆ ಕೊನೆಗಳಿಗೆಯಲ್ಲಿ ಬಂತು. ಫೋಟೊ, ಹೆಸರು ಅಂಟಿಸಿ ಕಳುಹಿಸಿದಳು. ಬೆಳಿಗ್ಗೆ ಮೇಷ್ಟ್ರು ಕಪ್ಪು ಚೌಕಟ್ಟಿನೊಳಗೆ ನಗುತ್ತಿದ್ದರು.

ಅವರ ಅಕ್ಕ, ಎಪ್ಪತ್ತು ದಾಟಿದವರು, ತಮ್ಮನ ಫೋನು ಸಿಗದೆ ಪಕ್ಕದ ಊರಿನಿಂದ ಬಸ್ಸು ಹತ್ತಿ ದಾರಿಯುದ್ದಕ್ಕೂ ಅಳುತ್ತ ಬಂದರು. ಬಾಗಿಲು ತೆರೆದವರು ಮೇಷ್ಟ್ರೇ. ‘ನಾನೇ ಕಣಪ್ಪ ಮಾತಾಡ್ತಿರೋದು’ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಆಕೆ ತಮ್ಮನ ಕೆನ್ನೆಗೆ ಒಂದು ಬಿಟ್ಟು, ಆಮೇಲೆ ಅಪ್ಪಿಕೊಂಡು, ಹೊಸ್ತಿಲಲ್ಲೇ ಕುಸಿದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡರು.

‘ಕಣ್ಣು ಕಾಣಲ್ವೇನ್ರೀ ನಿಮಗೆ?’ ಎಂದರು ಮ್ಯಾನೇಜರ್ ನನ್ನ ಹೆಂಡತಿಗೆ, ಆಫೀಸಿನಲ್ಲಿ ಎಲ್ಲರೆದುರು. ಅವಳು ಮರುದಿನವೇ ಕಣ್ಣಿನ ಡಾಕ್ಟರ ಬಳಿ ಹೋದಳು. ಕಣ್ಣು ಚೆನ್ನಾಗಿಯೇ ಇತ್ತು.

ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೇಷ್ಟ್ರು ಕೆಂಡವಾಗಿ ಆಫೀಸಿಗೆ ಬಂದರು. ‘ತೋರಿಸಮ್ಮ, ನನ್ನನ್ನ ಹೇಗೆ ಸಾಯಿಸಿದೆ?’

ಅವಳು ಪರದೆ ತೋರಿಸಿದಳು. ಮೇಷ್ಟ್ರು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

‘ಇದರಲ್ಲಿ ಈಗ ಯಾವುದು ಮುಂದಿದೆ?’

‘ನನಗೂ ಅದೇ ಗೊತ್ತಾಗಲಿಲ್ಲ ಸಾರ್.’

ಮೇಷ್ಟ್ರು ಮ್ಯಾನೇಜರರನ್ನು ಕರೆಸಿ ಅದೇ ಪ್ರಶ್ನೆ ಹಾಕಿದರು. ಮ್ಯಾನೇಜರ್ ಬೆರಳಿಟ್ಟದ್ದು ತಪ್ಪು ವಿಂಡೋದ ಮೇಲೆ. ‘ಈಯಮ್ಮನ ಮೇಲೆ ನನ್ನ ದೂರಿಲ್ಲ’ ಎಂದು ಮೇಷ್ಟ್ರು ಅಲ್ಲೇ ಕೂತು ಬರೆದುಕೊಟ್ಟರು. ಏನಾಯಿತು? ಕಾಗದ ಫೈಲಿಗೆ ಹೋಯಿತು, ಅವಳು ಜಾಹೀರಾತು ತೆಗೆದುಕೊಳ್ಳುವ ಕೌಂಟರಿಗೆ ಹೋದಳು. ನಿಮ್ಮ ಗಾಜು ಮಾತ್ರ ಇದ್ದಲ್ಲೇ ಇದೆ.

ಹಾಗಾಗಿ ನನ್ನ ಬೇಡಿಕೆ. ತಲೆಪಟ್ಟಿಗೆ ಬಣ್ಣ ಕೊಡಿ, ಅಂಚಿಗೆ ಗೆರೆ ಎಳೆಯಿರಿ. ಬೇಕೆನ್ನುವವರಿಗೆ ಗಾಜು ಇರಲಿ, ಬೇಡವೆನ್ನುವವರಿಗೆ ಹಳೆಯದನ್ನು ಬಿಟ್ಟುಕೊಡಿ. ಅದಕ್ಕೂ ಮೊದಲು ಆ ಮ್ಯಾನೇಜರರಿಗೆ ಒಂದು ಸಾಲು ಬರೆಯಿರಿ: ತಪ್ಪು ಆಕೆಯ ಕಣ್ಣಿನದಲ್ಲ, ನಮ್ಮದು. ಬೇಗ ಬರೆಯಿರಿ. ಯಾರಾದರೂ ಅಭಿನಂದನೆ ಹಿಡಿದು ಕೌಂಟರಿಗೆ ಬಂದರೆ ಅವಳೀಗ ‘ಇವರು ಇದ್ದಾರೆ ತಾನೆ?’ ಎಂದು ಎರಡೆರಡು ಸಲ ಕೇಳುತ್ತಾಳೆ. ಮೊನ್ನೆ ಮದುಮಗನೊಬ್ಬನ ತಂದೆ ರೇಗಿ ಎದ್ದು ಹೋದರು.

ಇಂತಿ,
ತಮ್ಮ ಹೊಸ ಅನುಭವವನ್ನು ಮನೆಮಂದಿಯೊಂದಿಗೆ ಅನುಭವಿಸುತ್ತಿರುವ
ಒಬ್ಬ ಬೋರ್ಡು ಬರೆಯುವವನು